ಉಳಿದ ಶಾಖ ಎಲ್ಲಿಗೆ ಹೋಯಿತು?



ನಾನು ಇಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ಯಲಹಂಕದ ಡೀಸೆಲ್ ವಿದ್ಯುತ್ ಕೇಂದ್ರವನ್ನೇ ಪಾಠ ಮಾಡಿಬಿಟ್ಟಿದ್ದರು. 1990ರ ದಶಕದ ಕೇಂದ್ರ ಅದು. 6 ಎಂಜಿನ್, ಒಟ್ಟು ಸುಮಾರು 128 ಮೆಗಾವ್ಯಾಟ್. "ಸುಟ್ಟ ಎಣ್ಣೆಯ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕರೆಂಟ್ ಆಗುವುದೇ ಇಲ್ಲ. ಉಳಿದ ಶಾಖ ಎಲ್ಲಿಗೆ ಹೋಯಿತು?" ಎಂದು ಕೇಳಿದರು. "ಹೊಗೆ ಕೊಳವೆಗೆ ಸಾರ್" ಎಂದೆ. ತರಗತಿಯೆಲ್ಲ ನಕ್ಕಿತು, ಮೇಷ್ಟ್ರು ನಗಲಿಲ್ಲ. "ಸರಿಯಾಗೇ ಹೇಳಿದ" ಎಂದರು.

ಈಗ ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವ್ಯಾಟ್ ಅನಿಲ ಕೇಂದ್ರವಿದೆ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಹಾಕಿದ ಕೊಳವೆ ಮಾರ್ಗದ ಅನಿಲ ಮೊದಲು ಒಂದು ಟರ್ಬೈನ್ ತಿರುಗಿಸುತ್ತದೆ. ಹೊರಬರುವ ಬಿಸಿಯಿಂದ ನೀರು ಕಾಯಿಸಿ, ಆ ಹಬೆಯಿಂದ ಇನ್ನೊಂದನ್ನು ತಿರುಗಿಸುತ್ತಾರೆ. ಮೇಷ್ಟ್ರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು ಅನ್ನಿ. ಕಲ್ಲಿದ್ದಲಿಗೆ ಹೋಲಿಸಿದರೆ ಒಂದು ಯೂನಿಟ್‌ಗೆ ಇಂಗಾಲದ ಡೈಆಕ್ಸೈಡ್ ಸುಮಾರು ಅರ್ಧ. ಆದರೂ ಸುಡುವುದು ಸುಡುವುದೇ. ಹತ್ತಿರದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು. ಕೆರೆಗೂ ಮನೆಗಳಿಗೂ ಇಷ್ಟು ಹತ್ತಿರ ಬೇಕಿತ್ತೇ ಎಂದು ಅಲ್ಲಿನ ನಿವಾಸಿಗಳು ಕೇಳಿದ್ದು ನನಗಂತೂ ನ್ಯಾಯವಾಗೇ ಕಾಣುತ್ತದೆ.

ನನ್ನದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಿಮಿಷಕ್ಕೊಮ್ಮೆ ಓಡುವ ಒಂದು ಪ್ರೋಗ್ರಾಂ ಬರೆದೆ. ಅದರ ವರದಿಯನ್ನು ಯಾರೂ ಓದುತ್ತಿರಲಿಲ್ಲ. ಮೂರು ವರ್ಷ ಹಗಲೂ ರಾತ್ರಿ ಓಡಿತು. ಸರ್ವರ್‌ಗೂ ಕರೆಂಟ್ ಬೇಕು, ಅದನ್ನು ತಣ್ಣಗಿಡುವ ಎ.ಸಿ.ಗೂ ಬೇಕು. ಕಂಪ್ಯೂಟರ್‌ಗೆ ಹೊಗೆ ಕೊಳವೆ ಕಾಣುವುದಿಲ್ಲವಲ್ಲ, ನನಗೂ ಹೊಳೆಯಲಿಲ್ಲ. ಗೊತ್ತಾದ ದಿನ ಊಟ ಸೇರಲಿಲ್ಲ. ಈಗ ದಿನಕ್ಕೊಮ್ಮೆ ಓಡುತ್ತದೆ, ಯಾರೂ ದೂರಿಲ್ಲ!

ನಮ್ಮ ಬ್ಯಾಚಿನವರು ಶಾಲೆಯ ಚಾವಣಿಗೆ 3 ಕಿಲೋವ್ಯಾಟ್ ಸೌರ ಫಲಕ ಕೊಡುತ್ತಿದ್ದೇವೆ. ಬಿಸಿಲಿದ್ದ ದಿನ ಸುಮಾರು 12 ಯೂನಿಟ್ ಬರಬೇಕು. ಪಾಠ ಹಗಲಲ್ಲೇ ನಡೆಯುವುದರಿಂದ ಶಾಲೆಗೆ ಇದು ಚೆನ್ನಾಗಿ ಹೊಂದುತ್ತದೆ; ಸಂಜೆಯಾದ ಮೇಲೆ ಇದು ಕೈಕೊಡುತ್ತದೆ, ಆಗ ಲೈನಿನ ಕರೆಂಟೇ ಗತಿ. ಫಲಕದ ಮೇಲೆ ಧೂಳು ಕೂತರೆ ಉತ್ಪಾದನೆ ಇಳಿಯುತ್ತದೆ. ಹಾಗಾಗಿ ಏಣಿ, ಉದ್ದ ಕೋಲಿನ ಮಾಪ್ ಕೂಡ ತಂದಿದ್ದೇವೆ. ಮಕ್ಕಳು ಮೇಲೆ ಹತ್ತುವುದು ಬೇಡ, ತೊಳೆಯುವ ಕೆಲಸ ಹಳೇ ವಿದ್ಯಾರ್ಥಿಗಳ ಸಂಘದ್ದು. ಮಕ್ಕಳು ಪ್ರತಿ ಸೋಮವಾರ ಮೀಟರ್ ಓದಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಮುಂದಿನ ವರ್ಷ ನನ್ನನ್ನು ಕರೆದರೆ ಹಾರ ಬೇಡ, ಆ ಪುಸ್ತಕ ತೋರಿಸಿ.