ಚದುರಂಗದಲ್ಲಿ ಕುದುರೆಯ ಬಲಿ



ನವಲಗುಂದ ಸೀಮೆಯ ತಿರ್ಲಾಪುರದ ಎರೆಹೊಲದಲ್ಲಿ ಒಕ್ಕಲಿಗನು ಮನೆಯ ಕಾಳನ್ನು ಮಣ್ಣಿಗೆ ಚೆಲ್ಲಿದರೆ ಅದನ್ನು ನಷ್ಟವೆಂದು ಯಾರೂ ಎಣಿಸರು. ಹದವರಿತು ಬಿತ್ತಿದನೇ ಎಂದಷ್ಟೇ ಕೇಳುವರು. ಚದುರಂಗದ ಆರಂಭದಲ್ಲಿಯೇ ಕಾಯಿಯನ್ನು ಬಲಿಗೊಡುವ ಆಟವನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ಪಾಶ್ಚಾತ್ಯರು ಇದನ್ನು ‘ಗ್ಯಾಂಬಿಟ್’ ಎನ್ನುವರು. ತೊಡರುಗಾಲು ಕೊಟ್ಟು ಕೆಡಹುವುದೆಂಬ ಅರ್ಥದ ಇಟಾಲಿಯನ್ ಮಾತು ಅದರ ಮೂಲ. ಗರಡಿಯ ಪಟ್ಟುಗಳನ್ನು ಬಲ್ಲ ನಮಗೆ ಇದು ಹೊಸತೇನೂ ಅಲ್ಲ.

ಕಲ್ಕತ್ತೆಯಲ್ಲಿ ನ್ಯಾಯವಾದಿಯಾಗಿದ್ದ ಸ್ಕಾಟ್ಲೆಂಡಿನ ಜಾನ್ ಕಾಕ್ರೇನ್ ಸಾಹೇಬರು 1848ರಲ್ಲಿ ಬಂಗಾಳದ ಮಹೇಶಚಂದ್ರ ಬ್ಯಾನರ್ಜಿಯವರೊಡನೆ ಆಡಿದ ಆಟವೊಂದುಂಟು. ಉಭಯ ರಾಜರ ಮುಂದಿನ ಕಾಲಾಳುಗಳು ಎದುರುಬದುರಾಗಿ ನಿಂತವು; ಎರಡು ಕಡೆಯ ಕುದುರೆಗಳೂ ಹೊರಬಂದವು. ಸಾಹೇಬರ ಕುದುರೆಯು ಒಂದು ಕಾಲಾಳನ್ನು ಹೊಡೆಯಿತು. ಬ್ಯಾನರ್ಜಿಯವರು ಮತ್ತೊಂದು ಕಾಲಾಳನ್ನು ನಡೆಸಿ ಅದನ್ನು ಬೆದರಿಸಿದರು. ಆಗ ಹಿಂದೆ ಸರಿಯುವುದು ರೂಢಿ. ಸಾಹೇಬರಾದರೋ ನಾಲ್ಕನೆಯ ನಡೆಯಲ್ಲಿ ಅದೇ ಕುದುರೆಯನ್ನು ರಾಜನೊಬ್ಬನ ರಕ್ಷಣೆಯಲ್ಲಿದ್ದ ಕಾಲಾಳಿನ ಮೇಲೆ ಹಾರಿಸಿದರು. ರಾಜನೇ ಮುಂದೆ ಬಂದು ಕುದುರೆಯನ್ನು ಹೊಡೆದನು.

ಕುದುರೆಗೆ ಪ್ರತಿಯಾಗಿ ದೊರೆತದ್ದು ಎರಡೇ ಕಾಲಾಳು. ಲೆಕ್ಕದಲ್ಲಿ ನಷ್ಟವೇ ಸರಿ. ಆದರೆ ರಾಜನು ಕೋಟೆ ಕಟ್ಟುವ ಹಕ್ಕನ್ನು ಕಳೆದುಕೊಂಡು ಬಯಲಿಗೆ ಬಿದ್ದನು. ಕಾಯಿಯನ್ನು ಕೊಟ್ಟು ಕಾಲವನ್ನು ಕೊಳ್ಳುವುದೇ ಇಲ್ಲಿಯ ಮರ್ಮ. ಕೊಂಡ ಕಾಲವನ್ನು ವ್ಯರ್ಥಗೊಳಿಸಿದರೆ, ಎದುರಾಳಿಯು ತನ್ನ ಬಲವನ್ನು ಕೂಡಿಸಿಕೊಂಡು ನಿಲ್ಲುವನು. ಬಿತ್ತಿದ ಬೀಜವು ಮಣ್ಣಿನಲ್ಲಿಯೇ ಕೊಳೆಯುವುದು. 1999ರಲ್ಲಿ ಸ್ಪೇನಿನ ಲಿನಾರೆಸ್ ಪಂದ್ಯದಲ್ಲಿ ಟೊಪಾಲೊವ್ ಅವರು ಕ್ರಾಮ್ನಿಕ್ ಅವರೆದುರು ಇದೇ ಬಲಿಯನ್ನು ಕೊಟ್ಟರು. ಆಟವು ಸಮವಾಗಿ ಮುಗಿಯಿತು. ಬಲಿಯು ಮೌಢ್ಯವಲ್ಲವೆಂದೂ, ಅದೊಂದರಿಂದಲೇ ಜಯವು ಸಿದ್ಧಿಸದೆಂದೂ ಇದರಿಂದ ವಿದಿತವಾಗುವುದು.

ಇನ್ನು ಬ್ಯಾನರ್ಜಿಯವರ ಮಾತು. ಅವರು ಬೆಳೆದುದು ದೇಶೀಯ ಚದುರಂಗದಲ್ಲಿ; ಅಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಸರಿಯುವುದು. ಆದುದರಿಂದ ನಡುವಣ ಮನೆಗಳನ್ನು ಎದುರಾಳಿಗೆ ಬಿಟ್ಟು, ಒಂಟೆಯನ್ನು ಅಂಚಿನಲ್ಲಿ ಹೂಡಿ, ಆಮೇಲೆ ನಡುವನ್ನು ಮುರಿಯುವ ತಾಳ್ಮೆಯು ಅವರಿಗೆ ಸಹಜವಾಗಿತ್ತು. 1855ರಲ್ಲಿ ಅವರು ಹಾಗೆ ಹೂಡಿದ ಒಂದು ಆಟದಲ್ಲಿ ಗೆದ್ದವರು ಕಾಕ್ರೇನ್ ಸಾಹೇಬರೇ. ಆದರೂ ಈ ಬಗೆಯ ರಕ್ಷಣೆಗಳಿಗೆ ಲೋಕವು ‘ಇಂಡಿಯನ್ ಡಿಫೆನ್ಸ್’ ಎಂದು ಹೆಸರಿಟ್ಟಿತು. ಸಾಹೇಬರ ಹೆಸರು ಅವರ ಕುದುರೆಯ ಬಲಿಗೆ ಅಂಟಿಕೊಂಡಿತು. ಬ್ಯಾನರ್ಜಿಯವರ ತಾಳ್ಮೆಗೆ ದೊರೆತದ್ದು ಅವರ ದೇಶದ ಹೆಸರು.

ಬಿರುಸಾಗಿ ಎರಗುವವನೂ ಕಾದು ನಿಲ್ಲುವವನೂ ಹದವನ್ನರಿಯಬೇಕು. ಮಣೆಯ ಮುಂದೆ ಕುಳಿತಾಗ ಇಷ್ಟನ್ನು ನೆನೆದರೆ ಸಾಕು.