ಮಲಬದ್ಧತೆ: ಹೇಳಲು ನಾಚಿಕೆ ಬೇಡ



ಸೊಪ್ಪು, ಹಣ್ಣು ತಿಂದು, ಮಾತ್ರೆ ನುಂಗಿದರೂ ಮಲ ಪೂರ್ತಿ ಹೋಗುವುದಿಲ್ಲವೇ? ಬಹಳ ತಿಣುಕಬೇಕೇ? ಬೆರಳಿನಿಂದ ಒತ್ತಬೇಕಾಗುತ್ತದೆಯೇ? ಇದನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಸಹಿಸಿಕೊಂಡವರಿದ್ದಾರೆ. ನಮ್ಮ ಬಳಿ ಹೇಳಿ. ಇದು ನಿಮ್ಮ ತಪ್ಪಲ್ಲ.

ಮಲ ಹೊರಬರುವಾಗ ಗುದದ್ವಾರದ ಸುತ್ತಲಿನ ಸ್ನಾಯು ಸಡಿಲವಾಗಬೇಕು. ಕೆಲವರಲ್ಲಿ ತಿಣುಕಿದಷ್ಟೂ ಅದು ಬಿಗಿಯಾಗುತ್ತದೆ. ಆಗ ಮಾತ್ರೆಯೊಂದೇ ಸಾಲದು; ಸಡಿಲ ಬಿಡುವುದನ್ನು ಸ್ನಾಯುವಿಗೆ ಕಲಿಸಬೇಕು. ಅದಕ್ಕಾಗಿಯೇ ಫಿಸಿಯೋಥೆರಪಿ. ಬಯೋಫೀಡ್‌ಬ್ಯಾಕ್ ಯಂತ್ರವಿದ್ದಲ್ಲಿ ಸ್ನಾಯುವಿನ ಬಿಗಿತವನ್ನು ಪರದೆಯ ಮೇಲೆ ನೋಡುತ್ತಾ ಕಲಿಯಬಹುದು.

ಮನೆಯಲ್ಲಿ ಹೀಗೆ ಮಾಡಿ:

1. ಬೆಳಗಿನ ತಿಂಡಿಯ ನಂತರ ಅರ್ಧ ಗಂಟೆಯೊಳಗೆ ಕುಳಿತುಕೊಳ್ಳಿ. ತಿಂದ ಮೇಲೆ ಕರುಳಿನ ಚಲನೆ ಹೆಚ್ಚುತ್ತದೆ.

2. ಕಮೋಡ್ ಆದರೆ ಪಾದದ ಕೆಳಗೆ ಮಣೆ ಇಡಿ. ಮಂಡಿ ಸೊಂಟಕ್ಕಿಂತ ಮೇಲಿರಲಿ. ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿ.

3. ಉಸಿರು ಬಿಗಿಹಿಡಿಯಬೇಡಿ. ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದು, ಬಾಯಿಂದ ಬಿಡುತ್ತಾ ಕೆಳಭಾಗವನ್ನು ಸಡಿಲಿಸಿ.

4. 10 ನಿಮಿಷಕ್ಕಿಂತ ಹೆಚ್ಚು ಕೂರಬೇಡಿ.

ಗುಣ ಕಾಣಲು ಕೆಲವು ವಾರ ಬೇಕು, ಬಿಡದೆ ಮಾಡಿ. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ, 50 ವರ್ಷದ ನಂತರ ಹೊಸದಾಗಿ ಮಲಬದ್ಧತೆ ಶುರುವಾದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಜೊತೆಗೆ ಬಂದಿರುವ ಬಂಧುಗಳೇ, ಮನೆಗೆಲಸದ ಗಡಿಬಿಡಿಯಲ್ಲಿ ಹೆಂಗಸರು ತಡೆಹಿಡಿಯುವುದೇ ಹೆಚ್ಚು. ಬೆಳಗಿನ ಆ ಹತ್ತು ನಿಮಿಷ ಅವರಿಗೆ ಬಿಟ್ಟುಕೊಡಿ.