ಕುಡಿಕೆಯ ಜವಾರಾ

ಆಷಾಢ ಶುದ್ಧ ಏಕಾದಶಿ ಬಂತೆಂದರೆ ಗುಜರಾತಿನ ಅಹಮದಾಬಾದ್, ವಡೋದರಾ, ಸೂರತ್‌ನ ಎಷ್ಟೋ ಮನೆಗಳಲ್ಲಿ ಪುಟ್ಟ ಹುಡುಗಿಯರು ಗೌರಿ ವ್ರತ ಹಿಡಿಯುತ್ತಾರೆ. ಹುಣ್ಣಿಮೆಯವರೆಗೆ ಐದು ದಿನ ಉಪ್ಪಿಲ್ಲದ ಊಟ. ವ್ರತಕ್ಕೆ ಮುಂಚೆಯೇ ಮಣ್ಣು ತುಂಬಿದ ಕುಡಿಕೆಯಲ್ಲಿ ಗೋಧಿ, ಜವೆಗೋಧಿಯಂಥ ಕಾಳು ಬಿತ್ತಿರುತ್ತಾರೆ. ಮೊಳೆತ ಪೈರೇ ಜವಾರಾ. ನವರಾತ್ರಿಯಲ್ಲಿ ಕಾಳು ಬಿತ್ತಿ ಘಟ್ಟ ಹಾಕುವ ನಮ್ಮ ಉತ್ತರ ಕರ್ನಾಟಕದವರಿಗೆ ಇದೇನೂ ಹೊಸತಲ್ಲ.

ಶಾಲೆ ಇಷ್ಟು ಹತ್ತಿರ ಬಂದಿರುವ ಪಾಠವನ್ನು ಏಕೆ ಬಿಡಬೇಕು? ವಕೀಲಿ ಬಿಟ್ಟು ಶಿಕ್ಷಕರಾದ ಗಿಜುಭಾಯಿ ಬಧೇಕಾ ಅದೇ ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದದ್ದು, ಮಗು ತಾನೇ ಮಾಡಿ ಕಲಿಯಲಿ ಎಂದೇ. ಜವಾರಾ ತರಗತಿಗೆ ಬಂದರೆ, ವ್ರತವಿಲ್ಲದ ಹುಡುಗರಿಗೂ ಒಂದು ಕುಡಿಕೆ ಸಿಗುತ್ತದೆ!

ಒಂದು ಕುಡಿಕೆ ಕಿಟಕಿಯ ಬಳಿ, ಇನ್ನೊಂದು ಬೀರುವಿನೊಳಗೆ. ಕತ್ತಲಲ್ಲಿದ್ದ ಪೈರು ಹಳದಿಯಾಗಿ, ಸಪೂರವಾಗಿ, ಉದ್ದಕ್ಕೆ ಬೆಳೆದಿರುತ್ತದೆ. ಉದ್ದವಾದದ್ದೇ ಗಟ್ಟಿ ಎಂದುಕೊಂಡ ಮಕ್ಕಳು ಅಲ್ಲಿ ವಾದಕ್ಕಿಳಿಯುತ್ತಾರೆ. ಶಿಕ್ಷಕರು ತೀರ್ಪು ಕೊಡುವ ಅವಸರ ಮಾಡಬಾರದು. ಕಿಟಕಿಯ ಪೈರು ಬೆಳಕಿನತ್ತ ಬಾಗುತ್ತದೆ. ಹಾಗೆ ಬಾಗಲು ಬೆಳಕು ಬೇಕಾದದ್ದು ಮೊಳಕೆಯ ತುದಿಗೆ ಎಂದು ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ 1880ರಲ್ಲಿ ಪ್ರಕಟಿಸಿದ್ದು, ಹುಲ್ಲಿನ ಮೊಳಕೆಗಳ ತುದಿ ಮುಚ್ಚಿ ನೋಡಿಯೇ. ಚಪಾತಿ ಸುತ್ತುವ ಫಾಯಿಲ್‌ನಿಂದ ನಮ್ಮ ಮಕ್ಕಳೂ ಗೋಧಿ ಮೊಳಕೆಗೆ ಪುಟ್ಟ ಟೊಪ್ಪಿಗೆ ಹಾಕಬಹುದು. ಆದರೆ ಮೊದಲ ಎಲೆ ಹೊರಗೆ ಇಣುಕುವ ಮುನ್ನವೇ ಹಾಕಬೇಕು.